ಮಾತ್ರೆ ಪುಕ್ಕಟೆ, ದಾರಿ ದುಬಾರಿ: ತಾಲ್ಲೂಕಿನಲ್ಲಿ ಮನಸ್ಸಿಗೆ ಮದ್ದು ಸಿಗೋದು ಯಾಕಿಷ್ಟು ಕಷ್ಟ?

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗ್‌ಗೆ ಸೇರಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣ ಅದು. ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನಲ್ಲಿ ಮಾನಸಿಕ ಆರೋಗ್ಯವೂ ಸೇರಿದೆ ಎಂದು ಕೋರ್ಟ್ ಹೇಳಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಒಬ್ಬರಾದರೂ ಕೌನ್ಸೆಲರ್ ಇರಬೇಕು ಎಂದೂ ಸೂಚಿಸಿತು.

ಸುದ್ದಿ ಓದಿದವರಿಗೆ ಒಂದು ಗೊಂದಲ ಸಹಜ. ಈ ಹಕ್ಕು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲೇ ಇತ್ತಲ್ವಾ? ಉಚಿತ ಸಹಾಯವಾಣಿ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆಗೆ ದುಡ್ಡಿಲ್ಲ. ಇನ್ಶೂರೆನ್ಸ್ ಕಂಪನಿಗಳು ಮಾನಸಿಕ ಕಾಯಿಲೆಯನ್ನು ಹೊರಗಿಡುವಂತಿಲ್ಲ. ಇಷ್ಟೆಲ್ಲ ಇದ್ದರೂ ದೂರದ ಊರುಗಳ ಜನ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಯಾಕೆ ಹೋಗಬೇಕು?

ಉತ್ತರ ಇರುವುದು ದೂರದಲ್ಲಿ. ಅದಕ್ಕಿಂತಲೂ ಹೆಚ್ಚಾಗಿ, ಆ ದೂರವನ್ನು ತಿಂಗಳು ತಿಂಗಳೂ ದಾಟಬೇಕಾಗಿರುವುದರಲ್ಲಿ.

ಒಂದು ತಿಂಗಳ ಲೆಕ್ಕ

ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಒಂದು ಹಳ್ಳಿ ಎಂದಿಟ್ಟುಕೊಳ್ಳೋಣ. ಅಲ್ಲಿ 24 ವರ್ಷದ ಹುಡುಗನೊಬ್ಬನಿಗೆ ಸ್ಕಿಜೋಫ್ರೇನಿಯಾ. ಮಾತ್ರೆ ತಗೊಂಡರೆ ದನ ಮೇಯಿಸುತ್ತಾನೆ, ಹೊಲದ ಕೆಲಸ ಮಾಡುತ್ತಾನೆ. ಬಿಟ್ಟರೆ ಮೂರ್ನಾಲ್ಕು ವಾರದಲ್ಲಿ ನಿದ್ದೆ ಹೋಗುತ್ತದೆ, ಯಾರೋ ಬೈಯುತ್ತಿರುವ ದನಿ ಕಿವಿಗೆ ಬೀಳತೊಡಗುತ್ತದೆ.

ಬೆಟ್ಟದಿಂದ ಹನೂರಿನ ಮೇಲೆ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರ್. ಜಿಲ್ಲಾ ಕೇಂದ್ರ ಚಾಮರಾಜನಗರಕ್ಕೆ 100 ದಾಟುತ್ತದೆ. ಕಾಡೊಳಗಿನ ಹಳ್ಳಿ, ಪೋಡುಗಳವರು ಮೊದಲು ನಡೆದೋ ಜೀಪು ಹಿಡಿದೋ ಬಸ್ಸಿರುವ ಕಡೆಗೆ ಬರಬೇಕು. ಇಂಥ ಹುಡುಗನನ್ನು ಒಬ್ಬನನ್ನೇ ಕಳಿಸುವ ಧೈರ್ಯ ಮನೆಯವರಿಗೆ ಬರುವುದಿಲ್ಲ. ಜೊತೆಗೆ ಅಪ್ಪನೋ ಅಮ್ಮನೋ ಹೋಗಲೇಬೇಕು. ಅಂದರೆ ಎರಡು ಆಳಿನ ಕೂಲಿ ಹೋಯಿತು. 2025-26ಕ್ಕೆ ಕರ್ನಾಟಕದಲ್ಲಿ ನರೇಗಾ ದಿನಗೂಲಿ ₹370 ಇತ್ತು. ಆ ಲೆಕ್ಕದಲ್ಲೇ ಹಿಡಿದರೂ ಒಂದು ಸಲಕ್ಕೆ ₹740, ವರ್ಷಕ್ಕೆ ₹8,880. ಬಸ್ ಚಾರ್ಜು, ಊಟ, ಟೀ ಬೇರೆ. ಮಾತ್ರೆಗೆ ಮಾತ್ರ ಸೊನ್ನೆ.

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದೂ ಇದನ್ನೇ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಈ ಸಮೀಕ್ಷೆ ಮಾಡಿತು. ಚಿಕಿತ್ಸೆಗೆ ಮತ್ತು ಅಲ್ಲಿಗೆ ಹೋಗಿ ಬರುವುದಕ್ಕೆ ಕುಟುಂಬಗಳು ತಿಂಗಳಿಗೆ ₹1,000ದಿಂದ ₹1,500ರವರೆಗೆ ಖರ್ಚು ಮಾಡುತ್ತಿದ್ದವು. ಚಿಕಿತ್ಸೆ ಬೇಕಿದ್ದೂ ಸಿಗದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಬೇರೆ ಬೇರೆ, ಆದರೆ ನೂರಕ್ಕೆ 70ಕ್ಕಿಂತ ಕಡಿಮೆ ಎಲ್ಲೂ ಇರಲಿಲ್ಲ. ಕೆಲವು ಕಾಯಿಲೆಗಳಲ್ಲಿ 92ರ ಹತ್ತಿರ ಇತ್ತು.

ಇಲ್ಲಿ ಗಮನಕ್ಕೆ ಬಾರದ ಒಂದು ಸಂಗತಿ ಇದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಗೂ ಮಾನಸಿಕ ಆರೋಗ್ಯಕ್ಕೂ ಏನು ಸಂಬಂಧ ಅಂತ ಯಾರಾದರೂ ಕೇಳಬಹುದು. ಸಂಬಂಧ ಇದೆ. ರೋಗಿ ಹೆಂಗಸಾಗಿದ್ದು ಜೊತೆಗೆ ತಾಯಿ ಹೋದರೆ ಬಸ್ ಚಾರ್ಜು ಪೂರ್ತಿ ಉಳಿಯುತ್ತದೆ. ಮಗನನ್ನು ತಾಯಿ ಕರೆದೊಯ್ದರೆ ಅರ್ಧ ಉಳಿಯುತ್ತದೆ. ಆರೋಗ್ಯ ಇಲಾಖೆ ಮಾಡದ ಒಂದು ಕೆಲಸವನ್ನು ಸಾರಿಗೆ ಇಲಾಖೆ ಅರಿವಿಲ್ಲದೆಯೇ ಅರ್ಧ ಮಾಡಿಟ್ಟಿದೆ. ಆದರೆ ಆ ದಿನದ ಕೂಲಿ ಮಾತ್ರ ಹೋದದ್ದು ಹೋದದ್ದೇ.

ಬಳ್ಳಾರಿಯಲ್ಲಿ ಆದದ್ದು, ಆಮೇಲೆ ಆಗದ್ದು

ಈ ಸಮಸ್ಯೆ ಹೊಸದಲ್ಲ. ಪರಿಹಾರ ಹುಡುಕಿದ್ದೂ ಕರ್ನಾಟಕದಲ್ಲೇ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ತಜ್ಞರು ಎಲ್ಲ ಕಡೆ ಇರಲು ಸಾಧ್ಯವಿಲ್ಲ, ಹಾಗಾಗಿ ಇರುವ ವೈದ್ಯರಿಗೇ ಕಲಿಸೋಣ ಅನ್ನುವುದು ಅದರ ಮೂಲ ಯೋಚನೆ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಇದನ್ನು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ, ಕೆಲವೇ ಕೆಲವು ಅಗತ್ಯ ಮಾತ್ರೆಗಳ ಪೂರೈಕೆ, ಸರಳ ದಾಖಲೆ ಪುಸ್ತಕ, ಜಿಲ್ಲಾ ತಂಡದಿಂದ ಆಗಾಗ ಭೇಟಿ. ಅಷ್ಟೇ.

ಇದೇ ಮುಂದೆ ದೇಶಕ್ಕೆಲ್ಲ ಮಾದರಿಯಾಯಿತು. 1996ರಲ್ಲಿ ನಾಲ್ಕು ಜಿಲ್ಲೆಗಳಿಂದ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇವತ್ತು 767 ಜಿಲ್ಲೆಗಳಿಗೆ ಮಂಜೂರಾಗಿದೆ. ಆದರೆ ಬಳ್ಳಾರಿಯಲ್ಲಿ ಬೆನ್ನಿಗೆ ನಿಮ್ಹಾನ್ಸ್ ಇತ್ತು, ಯಾರೋ ಬಂದು ಕೇಳುತ್ತಿದ್ದರು, ತಪ್ಪಿದರೆ ತಿದ್ದುತ್ತಿದ್ದರು. ನೂರಾರು ಜಿಲ್ಲೆಗೆ ಹರಡಿದಾಗ ಯೋಜನೆಯ ಹೆಸರು ಹೋಯಿತು, ಆ ಬೆನ್ನು ಹೋಗಲಿಲ್ಲ. ತರಬೇತಿ ಪಡೆದ ವೈದ್ಯರು ವರ್ಗವಾಗುತ್ತಾರೆ, ಹೊಸಬರಿಗೆ ಮತ್ತೆ ಮೊದಲಿಂದ. ಎಲ್ಲ ಹೊಣೆ ಜಿಲ್ಲಾಸ್ಪತ್ರೆಯ ಒಬ್ಬ ಮನೋವೈದ್ಯರ ಹೆಗಲಿಗೆ.

ಈ ಕಾರ್ಯಕ್ರಮಕ್ಕೆ ಒಂದು ಜಿಲ್ಲೆಗೆ ವರ್ಷಕ್ಕೆ ಸಿಗಬಹುದಾದ ಗರಿಷ್ಠ ನೆರವು ₹83.2 ಲಕ್ಷ. 20 ಲಕ್ಷ ಜನರಿರುವ ಜಿಲ್ಲೆಯಲ್ಲಿ ಇದನ್ನು ಹಂಚಿ ನೋಡಿ. ತಲೆಗೆ ವರ್ಷಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. ಒಂದು ಟೀ ಕುಡಿಯೋಕೂ ಆಗುವುದಿಲ್ಲ.

ಕರ್ನಾಟಕ ಇನ್ನೊಂದು ಹೆಜ್ಜೆ ಮುಂದಿಟ್ಟಿತು ಅನ್ನುವುದನ್ನು ಒಪ್ಪಬೇಕು. 2014ರಲ್ಲಿ ಬಂದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಇಲಾಖೆಯ ಭಾಷೆಯಲ್ಲಿ ‘ಸೂಪರ್ ಮಂಗಳವಾರ’. ಇದು ದಾರಿಯನ್ನು ನಿಜಕ್ಕೂ ಅರ್ಧ ಮಾಡಿತು. ಜಿಲ್ಲಾ ಕೇಂದ್ರದ ತನಕ ಹೋಗಬೇಕಿದ್ದವರು ತಾಲ್ಲೂಕಿನಲ್ಲೇ ಇಳಿಯಬಹುದಾಯಿತು. ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ವರ್ಷಗಟ್ಟಲೆ ಕೆಲಸ ಮಾಡಿ, ಹಳ್ಳಿಯಲ್ಲೇ ಇದ್ದುಕೊಂಡು ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಗೂ ಚಿಕಿತ್ಸೆ ಪಡೆಯಬಹುದು ಎಂದು ತೋರಿಸಿದೆ.

ಕೊಂಡಿ ಕಳಚುವುದು ಎಲ್ಲಿ?

ಇಷ್ಟಾದರೂ ನಮ್ಮ ಹುಡುಗನ ಮಾತ್ರೆ ಯಾಕೆ ನಿಲ್ಲುತ್ತದೆ?

ಮೊದಲನೆಯದು ದಿನದ ಸಮಸ್ಯೆ. ವೈದ್ಯರು ಬರುವುದು ಗೊತ್ತಾದ ಒಂದು ದಿನ. ಅವತ್ತೇ ಜಾತ್ರೆ ಇರಬಹುದು, ಮಳೆ ಬಂದು ದಾರಿ ಕೆಡಬಹುದು, ಕಟಾವು ಇರಬಹುದು. ವೈದ್ಯರೇ ರಜೆ ಇರಬಹುದು, ಅಥವಾ ಅವತ್ತು ಕೋರ್ಟಿಗೆ ಸಾಕ್ಷಿ ಹೇಳಲು ಹೋಗಿರಬಹುದು. ಒಂದು ದಿನ ತಪ್ಪಿದರೆ ಮುಂದಿನ ಸರದಿಯವರೆಗೆ ಮನೆಯಲ್ಲಿ ಮಾತ್ರೆ ಇಲ್ಲ. ಬಿಪಿ, ಶುಗರ್ ಮಾತ್ರೆ ಆದರೆ ಪಕ್ಕದೂರಿನ ಕೇಂದ್ರದಲ್ಲೇ ಚೀಟಿ ತೋರಿಸಿ ತರಬಹುದು. ಮನಸ್ಸಿನ ಮಾತ್ರೆಗೆ ಆ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ.

ಯಾಕಿಲ್ಲ? ಕಾನೂನಿನಲ್ಲೇ ಒಂದು ಸುಳಿವಿದೆ. 2018ರ ಮೇ 29ರಿಂದ ಜಾರಿಯಾದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಸೆಕ್ಷನ್ ತುಂಬಾ ಉದಾರವಾಗಿದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಬಿಪಿಎಲ್ ಕಾರ್ಡ್ ಇರಲಿ, ಇಲ್ಲದಿರಲಿ, ಚಿಕಿತ್ಸೆ ಉಚಿತ ಎನ್ನುತ್ತದೆ. ಅಗತ್ಯ ಔಷಧಿಗಳು ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕು ಎಂದೂ ಹೇಳುತ್ತದೆ. ಆದರೆ ಈ ಕೊನೆಯ ಮಾತು ‘ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ’ ಆಸ್ಪತ್ರೆಗಳಿಗೆ ಅನ್ವಯ. ಪ್ರಾಥಮಿಕ ಆರೋಗ್ಯ ಕೇಂದ್ರ ಅದಕ್ಕಿಂತ ಕೆಳಗಿನ ಮೆಟ್ಟಿಲು. ಜನರಿಗೆ ಅತಿ ಹತ್ತಿರದ ಮೆಟ್ಟಿಲೂ ಅದೇ. ಅಲ್ಲಿ ಈ ಮಾತ್ರೆ ಇಡಬಾರದು ಅಂತ ಕಾನೂನು ಹೇಳಿಲ್ಲ, ಇಡಲೇಬೇಕು ಅಂತಲೂ ಹೇಳಿಲ್ಲ. ಇಡಲೇಬೇಕಿಲ್ಲದ್ದು ಸರ್ಕಾರಿ ಕಪಾಟಿನಲ್ಲಿ ಎಷ್ಟು ದಿನ ಇರುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ರಕ್ತ ಪರೀಕ್ಷೆ. ಮನಸ್ಸು ಒಮ್ಮೆ ತೀರಾ ಉಬ್ಬಿ, ಒಮ್ಮೆ ತೀರಾ ಕುಗ್ಗುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಹಳೆಯ, ಅಗ್ಗದ, ಒಳ್ಳೆಯ ಔಷಧಿ. ಆದರೆ ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ನೋಡುತ್ತಿರಬೇಕು. ಜಾಸ್ತಿಯಾದರೆ ವಿಷ. ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪಿನ್ ಕೊಟ್ಟರೆ ಬಿಳಿ ರಕ್ತಕಣಗಳ ಎಣಿಕೆ ನೋಡಬೇಕು. ರಕ್ತಕಣ ಎಣಿಸುವುದು ತಾಲ್ಲೂಕಿನಲ್ಲಿ ಕಷ್ಟವಲ್ಲ, ಲಿಥಿಯಂ ಮಟ್ಟ ನೋಡುವ ಪರೀಕ್ಷೆಗೆ ಸಾಮಾನ್ಯವಾಗಿ ದೊಡ್ಡ ಊರಿನ ಲ್ಯಾಬೇ ಬೇಕು. ಹೀಗಾಗಿ ಅಗ್ಗದ ಮಾತ್ರೆ ಅಗ್ಗವಾಗಿ ಉಳಿಯುವುದಿಲ್ಲ.

ಮೂರನೆಯದು ಹೆಸರಿನದು. ಡಿಪ್ರೆಷನ್ ಇರುವ ಹೆಂಗಸು ಆಸ್ಪತ್ರೆಗೆ ಬಂದು ‘ನನಗೆ ಮನಸ್ಸು ಸರಿಯಿಲ್ಲ’ ಅನ್ನುವುದಿಲ್ಲ. ‘ಎದೆ ಡವಡವ ಅಂತದೆ’, ‘ಮೈಯೆಲ್ಲ ಉರಿ’, ‘ರಾತ್ರಿ ಕಣ್ಣು ಮುಚ್ಚಲ್ಲ, ಸಾಮಿ’ ಅಂತಾಳೆ. ಎದುರಿಗೆ ಅರವತ್ತು ಜನರ ಸಾಲಿದ್ದರೆ ವೈದ್ಯರು ನೋವಿನ ಮಾತ್ರೆ, ವಿಟಮಿನ್ನು, ಆಕೆ ಒತ್ತಾಯ ಮಾಡಿದರೆ ಒಂದು ಗ್ಲೂಕೋಸ್ ಬಾಟಲಿ ಬರೆದು ಕಳಿಸುತ್ತಾರೆ. ಆಕೆ ಇನ್ನೊಂದು ಕ್ಲಿನಿಕ್ಕಿಗೆ ಹೋಗುತ್ತಾಳೆ, ಅಲ್ಲಿ ಸ್ಕ್ಯಾನಿಂಗ್. ಮನಸ್ಸಿನ ಚಿಕಿತ್ಸೆ ದುಬಾರಿ ಅನ್ನುತ್ತೇವೆ. ಅದನ್ನು ಗುರುತಿಸದೆ ಇರುವುದಕ್ಕೇ ಕುಟುಂಬಗಳು ಎಷ್ಟೊಂದು ಸುರಿಯುತ್ತವೆ ಅನ್ನುವುದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

14416 ಏನು ಮಾಡುತ್ತದೆ, ಏನು ಮಾಡಲ್ಲ

2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯಿತು. ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ರಾಷ್ಟ್ರಮಟ್ಟದಲ್ಲಿ ಇದರ ಉಸ್ತುವಾರಿ ನಿಮ್ಹಾನ್ಸ್‌ದು.

ಪರೀಕ್ಷೆಯ ಭಯ, ಮನೆಯ ಜಗಳ, ನಿದ್ದೆಗೇಡು, ಸಾಯಬೇಕೆಂಬ ಯೋಚನೆ ಬಂದ ರಾತ್ರಿ: ಇಂಥ ಹೊತ್ತಿನಲ್ಲಿ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಸಣ್ಣ ಊರಿನವರಿಗೆ ಇನ್ನೂ ಒಂದು ಲಾಭ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಕಡೆ ಆಸ್ಪತ್ರೆಯ ಆ ಕೋಣೆಯ ಮುಂದೆ ಕೂತರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಫೋನಿನಲ್ಲಿ ಆ ಭಯ ಇಲ್ಲ.

ಆದರೆ ಫೋನು ಮಾತ್ರೆ ಕೊಡುವುದಿಲ್ಲ. ತೀವ್ರ ಕಾಯಿಲೆ ಅನ್ನಿಸಿದರೆ ಆಪ್ತಸಮಾಲೋಚಕರು ಮನೋವೈದ್ಯರಿಗೆ ದಾಟಿಸುತ್ತಾರೆ, ಅಲ್ಲಿಂದ ಹತ್ತಿರದ ಆಸ್ಪತ್ರೆಗೆ ಹೋಗಿ ಅನ್ನುತ್ತಾರೆ. ಅಲ್ಲಿಗೆ ಮತ್ತೆ ಮಂಗಳವಾರಕ್ಕೇ ಬಂದು ನಿಂತೆವು. ಇನ್ನು ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಬೇಕೆಂದರೆ ಯಾವುದೋ ದಿಬ್ಬ ಹತ್ತಬೇಕು. ದಿಬ್ಬದ ಮೇಲೆ ನಿಂತು ಮನಸ್ಸಿನ ಮಾತಾಡುವುದು ಹೇಗೆ?

ಕಾರ್ಡ್ ಇದ್ದರೂ ಯಾಕೆ ಉಪಯೋಗವಿಲ್ಲ?

ಜನ ಹೆಚ್ಚು ಮೋಸಹೋಗುವುದು ಇಲ್ಲಿ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ರಕ್ಷಣೆ ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ 2018ರಲ್ಲಿ ಇದನ್ನು ಹೇಳಿತು. ಕಂಪನಿಗಳು ತಡಮಾಡಿದವು, 2022ರಲ್ಲಿ ಮತ್ತೆ ಗಡುವು ಹಾಕಬೇಕಾಯಿತು. ಆಯುಷ್ಮಾನ್ ಭಾರತ್ ಯೋಜನೆಯಲ್ಲೂ ಮಾನಸಿಕ ಕಾಯಿಲೆಯ ಪ್ಯಾಕೇಜುಗಳಿವೆ.

ಆದರೆ ಇವು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಮಾನಸಿಕ ಕಾಯಿಲೆಯವರಲ್ಲಿ ಬಹುಪಾಲು ಜನ ದಾಖಲಾಗುವುದೇ ಇಲ್ಲ, ಆಗಬೇಕಾಗಿಯೂ ಇಲ್ಲ. ಹೊರರೋಗಿ ವಿಭಾಗದಲ್ಲಿ ತೋರಿಸಿ, ಮನೆಯಲ್ಲಿ ಮಾತ್ರೆ ನುಂಗಿ, ತಿಂಗಳಿಗೊಮ್ಮೆ ಹೋಗಿಬರುತ್ತಾರೆ. ಆ ಖರ್ಚಿಗೆ ಕಾರ್ಡ್ ಬರುವುದಿಲ್ಲ. ಮಾತ್ರೆ ತಪ್ಪಿ, ಕಾಯಿಲೆ ಉಲ್ಬಣಿಸಿ, ಕೈಕಾಲು ಹಿಡಿದು ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಾರ್ಡ್ ಬರುತ್ತದೆ. ತಡೆಯುವ ನೂರು ರೂಪಾಯಿಗೆ ಇಲ್ಲ, ಕೆಟ್ಟ ಮೇಲಿನ ಸಾವಿರಾರು ರೂಪಾಯಿಗೆ ಇದೆ.

ದುಡ್ಡು ಎಲ್ಲಿಗೆ ಹಾಕಬೇಕು? ಮೂರು ವಾದ

ಒಂದು ಗುಂಪು ದೊಡ್ಡ ಸಂಸ್ಥೆಗಳ ಪರ. ಭಾರತದಲ್ಲಿ ಲಕ್ಷ ಜನರಿಗೆ ಮುಕ್ಕಾಲು ಮನೋವೈದ್ಯರೂ ಸರಿಯಾಗಿ ಇಲ್ಲ, ಬೇಕಾದ್ದು ಮೂವರಾದರೂ. ಸೀಟು ಹೆಚ್ಚಿಸದೆ, ಕಲಿಸುವ ಸಂಸ್ಥೆ ಕಟ್ಟದೆ ವೈದ್ಯರು ಎಲ್ಲಿಂದ ಬರಬೇಕು ಅನ್ನುತ್ತಾರೆ ಅವರು. ಮಾತು ನಿಜ. ಕೋರ್ಟ್ ಹೇಳಿದ ಕೌನ್ಸೆಲರ್‌ಗಳ ವಿಷಯದಲ್ಲೂ ಅದೇ ಪ್ರಶ್ನೆ. ಆದರೆ ತಯಾರಾದವರು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಬಿಟ್ಟು ಕದಲುವುದು ಕಡಿಮೆ. 2024-25ರ ಕೇಂದ್ರ ಬಜೆಟ್‌ನಲ್ಲಿ ನಿಮ್ಹಾನ್ಸ್‌ಗೆ ₹850 ಕೋಟಿ, ಟೆಲಿ ಮಾನಸ್‌ಗೆ ₹90 ಕೋಟಿ ಇತ್ತು. ಜಿಲ್ಲಾ ಕಾರ್ಯಕ್ರಮದ ಹಣ ರಾಷ್ಟ್ರೀಯ ಆರೋಗ್ಯ ಅಭಿಯಾನದ ದೊಡ್ಡ ಗಂಟಿನೊಳಗೆ ಸೇರಿಹೋಗುವುದರಿಂದ ಬಜೆಟ್ ದಿನದ ಪೇಪರಿನಲ್ಲಿ ಅದು ಕಣ್ಣಿಗೆ ಬೀಳುವುದೂ ಇಲ್ಲ.

ಇನ್ನೊಂದು ಗುಂಪು ಫೋನು, ವಿಡಿಯೊ, ಆ್ಯಪ್ ಅನ್ನುತ್ತದೆ. ಅದರ ಮಿತಿ ಮೇಲೆ ನೋಡಿದೆವು.

ಮೂರನೆಯವರದು ಬಳ್ಳಾರಿಯ ಹಳೆಯ ವಾದ: ತಜ್ಞರಲ್ಲದವರಿಗೆ ಕಲಿಸಿ. ಇದಕ್ಕೆ ಗಟ್ಟಿ ಸಾಕ್ಷಿ ಪಕ್ಕದ ಗೋವಾದಲ್ಲಿದೆ. ಸಂಗಾತ್ ಎಂಬ ಸಂಸ್ಥೆಯವರು ಸ್ಥಳೀಯರಿಗೇ ತರಬೇತಿ ಕೊಟ್ಟು ಆಪ್ತಸಮಾಲೋಚಕರನ್ನಾಗಿ ಮಾಡಿದರು. ಅವರು ವೈದ್ಯರ ಜೊತೆ ಸೇರಿ ಖಿನ್ನತೆ, ಆತಂಕ ಇರುವವರನ್ನು ನೋಡಿಕೊಂಡರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸರ್ಕಾರಿ ಕೇಂದ್ರಗಳಲ್ಲಿ ಈ ನೆರವು ಪಡೆದವರಲ್ಲಿ ನೂರಕ್ಕೆ ಸುಮಾರು 66 ಜನ ಆರು ತಿಂಗಳಲ್ಲಿ ಚೇತರಿಸಿಕೊಂಡರು. ನೆರವಿಲ್ಲದ ಕಡೆ ಸುಮಾರು 42. ಖಾಸಗಿ ಕ್ಲಿನಿಕ್‌ಗಳಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೂ ಆಕ್ಷೇಪಗಳಿವೆ, ತಳ್ಳಿಹಾಕುವಂಥವಲ್ಲ. ಅರೆಬರೆ ತರಬೇತಿಯಲ್ಲಿ ಕಾಯಿಲೆ ತಪ್ಪಾಗಿ ಗುರುತಿಸಿದರೆ? ನಿದ್ದೆ ಮಾತ್ರೆ ಎಲ್ಲರಿಗೂ ಬರೆದು ಚಟವಾದರೆ? ಮತ್ತೆ, ಹೊಸ ಕೆಲಸ ಬಂದಾಗೆಲ್ಲ ಅದು ಹೋಗಿ ಬೀಳುವುದು ಆಶಾ ಕಾರ್ಯಕರ್ತೆಯರ ಮೇಲೆ. ಗರ್ಭಿಣಿ, ಬಾಣಂತಿ, ಲಸಿಕೆ, ಸರ್ವೆ ಎಲ್ಲ ಅವರೇ. ಗೌರವಧನ ಹೆಚ್ಚಿಸಿ ಅಂತ 2025ರ ಜನವರಿ ಚಳಿಯಲ್ಲಿ ಅವರು ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತಿದ್ದರು. ಅವರ ಡೈರಿಗೆ ಇನ್ನೊಂದು ಕಾಲಂ ಸೇರಿಸಿ, ದುಡ್ಡು ಸೇರಿಸದಿದ್ದರೆ ಆ ಕಾಲಂನಲ್ಲಿ ಏನು ತುಂಬುತ್ತದೆ ಅಂತ ಊಹಿಸಬಹುದು.

ಹಾಗಿದ್ದೂ ಮೂರರಲ್ಲಿ ಹಳ್ಳಿಯವರ ದಾರಿಯನ್ನು ನೇರವಾಗಿ ಕಡಿಮೆ ಮಾಡುವುದು ಈ ಮೂರನೆಯದೇ. ತಜ್ಞರು ರೋಗ ಗುರುತಿಸಿ ಮಾತ್ರೆ ನಿಗದಿ ಮಾಡಲಿ. ಮುಂದಿನ ತಿಂಗಳುಗಳಲ್ಲಿ ಅದೇ ಮಾತ್ರೆಯನ್ನು ಎಣಿಸಿ ಕೊಡುವುದಕ್ಕೂ ತಜ್ಞರೇ ಯಾಕೆ?

ದೇವರ ಗುಡಿಗೆ ಹೋಗುವವರನ್ನು ಬೈಯುವ ಮುಂಚೆ

‘ಗಾಳಿ ಸೋಕಿದೆ’ ಅಂತ ಗುಡಿಗೋ ದರ್ಗಾಕ್ಕೋ ಹೋಗುತ್ತಾರೆ, ಮೂಢನಂಬಿಕೆ ಅಂತ ಪೇಟೆಯವರು ಮೂಗು ಮುರಿಯುತ್ತಾರೆ. ಅಪಾಯ ಇಲ್ಲವೆಂದಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿ ಸರಪಳಿ ಹಾಕಿ ಕಟ್ಟಿದ್ದ 28 ಜನ ಬೆಂಕಿಯಲ್ಲಿ ಸುಟ್ಟುಹೋದರು. ಆದರೆ ಗುಡಿ ಹತ್ತಿರ ಇದೆ, ಪೂಜಾರಿಗೆ ಮಂಗಳವಾರವೇ ಆಗಬೇಕೆಂದಿಲ್ಲ, ಅಲ್ಲಿ ಕೂತು ಪೂರ್ತಿ ಕಥೆ ಹೇಳಿಕೊಳ್ಳಬಹುದು. ಸರ್ಕಾರಿ ವ್ಯವಸ್ಥೆ ಕೊಡದ ಮೂರೂ ಅಲ್ಲಿ ಸಿಗುತ್ತವೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುವಾ’ ಅಂತ ಒಂದು ಏರ್ಪಾಡು ಮಾಡಿದ್ದಾರೆ. ಪ್ರಾರ್ಥನೆ ಒಂದು ಕಡೆ, ಅಲ್ಲೇ ಮನೋವೈದ್ಯರ ಮಾತ್ರೆ ಇನ್ನೊಂದು ಕಡೆ. ಹರಕೆ ಬಿಡಿ ಅಂತ ಯಾರೂ ಹೇಳುವುದಿಲ್ಲ.

ಮುಂದೇನಾಗಬಹುದು?

ಕೋರ್ಟ್ ತೀರ್ಪಿನ ಪರಿಣಾಮ ಮೊದಲು ಕಾಣುವುದು ನಗರಗಳ ಕಾಲೇಜು, ಕೋಚಿಂಗ್ ಸೆಂಟರ್‌ಗಳಲ್ಲಿ. ಅವು ಕೌನ್ಸೆಲರ್‌ಗಳನ್ನು ಹುಡುಕತೊಡಗುತ್ತವೆ, ಸಂಬಳ ಏರುತ್ತದೆ. ಜಿಲ್ಲಾ ತಂಡಗಳಲ್ಲಿ ಗುತ್ತಿಗೆ ಮೇಲಿರುವ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಆ ಕಡೆ ಜಾರಬಹುದು. ಹಕ್ಕು ವಿಸ್ತಾರವಾದ ಹೊತ್ತಲ್ಲೇ ತಾಲ್ಲೂಕು ಇನ್ನಷ್ಟು ಬರಿದಾಗುವ ಅಪಾಯ ಇದೆ. ಸರ್ಕಾರ ಗುತ್ತಿಗೆ ಸಂಬಳ ಸರಿಮಾಡದಿದ್ದರೆ ಇದು ತಪ್ಪಿದ್ದಲ್ಲ.

ಮನೆಯವರು ಸದ್ಯಕ್ಕೆ ಕೇಳಿ ಪಡೆಯಬಹುದಾದ ಕೆಲವು ಸಂಗತಿಗಳಿವೆ. ಕಾಯಿಲೆ ಹತೋಟಿಯಲ್ಲಿದ್ದರೆ ಒಂದರ ಬದಲು ಎರಡು ತಿಂಗಳ ಮಾತ್ರೆ ಕೊಡಿ ಅಂತ ವೈದ್ಯರನ್ನು ಕೇಳಬಹುದು. ದಾರಿ ಅಲ್ಲಿಗೇ ಅರ್ಧವಾಯಿತು. ಚೀಟಿಯಲ್ಲಿ ಮಾತ್ರೆಯ ಮೂಲ ಹೆಸರು ಬರೆಸಿಕೊಂಡರೆ ಸ್ಟಾಕ್ ಇಲ್ಲದ ತಿಂಗಳು ಜನೌಷಧಿ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ. ದೀರ್ಘಕಾಲದ ತೀವ್ರ ಮಾನಸಿಕ ಕಾಯಿಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಶೇ 40ಕ್ಕಿಂತ ಕಡಿಮೆಯಿಲ್ಲದ ಪ್ರಮಾಣಪತ್ರ ಸಿಕ್ಕರೆ ಮಾಸಾಶನಕ್ಕೂ ರಿಯಾಯಿತಿ ಬಸ್ ಪಾಸಿಗೂ ಅರ್ಜಿ ಹಾಕಬಹುದು. ಚೆನ್ನಾಗಾಯಿತು ಅಂತ ಮಾತ್ರೆಯನ್ನು ತಾವೇ ನಿಲ್ಲಿಸಿಬಿಟ್ಟರೆ ಮಾತ್ರ ಈ ಯಾವ ಉಳಿತಾಯವೂ ಉಳಿಯುವುದಿಲ್ಲ.

ಇನ್ನೊಂದನ್ನೂ ಕೇಳಬಹುದು. ದಿನಾ ಮಾತ್ರೆ ನುಂಗಲು ಒಪ್ಪದವರಿಗೆ, ಮರೆಯುವವರಿಗೆ ಫ್ಲುಫೆನಜಿನ್‌ನಂಥ ಸೂಜಿಮದ್ದು ಇದೆ. ಎರಡರಿಂದ ನಾಲ್ಕು ವಾರಕ್ಕೆ ಒಂದು ಸಲ ಸಾಕು. ಹಳೆಯ ಔಷಧಿ, ಬೆಲೆ ಕಡಿಮೆ. ಎಲ್ಲರಿಗೂ ಹೊಂದುವುದಿಲ್ಲ, ಕೈ ನಡುಕ, ಮೈ ಬಿಗಿತ ಬರಬಹುದು, ಹಾಗಾಗಿ ಮನೋವೈದ್ಯರೇ ನೋಡಿ ನಿಗದಿ ಮಾಡಬೇಕು. ಆದರೆ ಒಮ್ಮೆ ನಿಗದಿಯಾದ ಮೇಲೆ ಕೊಡುವುದಕ್ಕೆ ಊರ ಹತ್ತಿರದ ಆರೋಗ್ಯ ಕೇಂದ್ರದ ನರ್ಸಮ್ಮ ಸಾಕು. ಆ ಕೇಂದ್ರದ ಇಂಡೆಂಟಿನಲ್ಲಿ, ಅಂದರೆ ಔಷಧಿ ಬೇಡಿಕೆ ಪಟ್ಟಿಯಲ್ಲಿ, ಸೂಜಿಮದ್ದಿನ ಹೆಸರು ಸೇರಬೇಕು, ಅಷ್ಟೇ. ಆಮೇಲೆ ಬೆಟ್ಟದ ಆ ಹುಡುಗ ಕೊಳ್ಳೇಗಾಲಕ್ಕೆ ಹೋಗುವುದು ಮೂರು ತಿಂಗಳಿಗೊಮ್ಮೆ ಆಗಬಹುದು. ಸೂಜಿಯಂತೂ ಸೋಮವಾರ ಕೊಟ್ಟರೂ ಕೆಲಸ ಮಾಡುತ್ತದೆ.